ನಾಲ್ಕು ಬೆರಳಿನ ಜಾಗ

ಡೋಲಿಯ ಕಾಲಿಗೆ ಮೂರನೆಯ ಬೆಸುಗೆ ಹಾಕುವ ಹೊತ್ತಿಗೆ ಕೃಷ್ಣಾಜಿಯ ಕರಿ ಕನ್ನಡಕದೊಳಗೆ ನೀರು ತುಂಬಿ, ಕಬ್ಬಿಣ ಎಲ್ಲಿದೆ ಬೆಂಕಿ ಎಲ್ಲಿದೆ ತಿಳಿಯದಾಯಿತು. ವೆಲ್ಡಿಂಗಿನ ಹಿಡಿಕೆಯನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಹೊಗಿ ಭಾಳ ಆಗೇತಿ," ಅಂದ.

ಹೊಗೆ ಅಷ್ಟೇನೂ ಇರಲಿಲ್ಲ. ಎದುರಿಗೆ ನಿಂತಿದ್ದ ಸಲೀಮ್‌ಗೂ ಅದು ಗೊತ್ತಿತ್ತು. ನಸುಕಿನಲ್ಲಿ ತೀರಿಕೊಂಡ ಇಮಾಮುದ್ದೀನ ಅವನ ಸೋದರಮಾವ. ಮಸೀದಿಯ ಹೆಣ ಹೊರುವ ಕಬ್ಬಿಣದ ಡೋಲಿಯನ್ನು ಸಲೀಮ್ ಕೈಗಾಡಿಯ ಮೇಲೆ ಹೇರಿಕೊಂಡು ಬಂದು ಅರ್ಧ ತಾಸಾಗಿತ್ತು. ಡೋಲಿಯ ಒಂದು ಕಾಲು ಅಲುಗಾಡುತ್ತದೆ, ಒಂದು ಬೆಸುಗೆ ಕೊಟ್ಟರೆ ಸಾಕು ಅಂದಿದ್ದ. ದೇವಿಕೊಪ್ಪದಲ್ಲಿ ವೆಲ್ಡಿಂಗ್ ಅಂಗಡಿ ಇರುವುದು ಒಂದೇ. ಸತ್ತವನ ಜೊತೆ ಐದು ತಿಂಗಳಿಂದ ಮಾತು ಬಿಟ್ಟವನ ಅಂಗಡಿಗೇ ಡೋಲಿ ಬರಬೇಕಾಯಿತು.

"ಕಾಕಾ, ಸಾಕ್ರಿ ಇನ್ನ. ಹತ್ತು ವರ್ಷದಿಂದ ಹಿಂಗ ಅಲಗ್ಯಾಡಕೋತ ಬಂದೇತಿ. ಯಾರೂ ಬಿದ್ದಿಲ್ಲ."

"ಬಿದ್ದಾವ್ರು ಎದ್ದು ಬಂದು ಹೇಳ್ತಾರೇನ?" ಎಂದು ಕೃಷ್ಣಾಜಿ ಮೂಲೆಯಲ್ಲಿದ್ದ ಕಬ್ಬಿಣದ ರಾಶಿಯಿಂದ ದಪ್ಪನೆಯದೊಂದು ಪಟ್ಟಿ ಎಳೆದ. "ನಡುವ ಒಂದ ಅಡ್ಡಪಟ್ಟಿ ಬಡೀತೀನಿ. ಮಂದಿಗೆ ಹಾಕಿದ್ದು ಇಮಾಮ್ಯಾಗ ತಡೆಯಂಗಿಲ್ಲ. ತೊಂಬತ್ತು ಕಿಲೋ ಆಳು."

"ಮಾಮೂ ಈಗ ಅಷ್ಟ ಇಲ್ರಿ ಕಾಕಾ."

"ನನಗ ಹೇಳ್ತಿ? ಮೂವತ್ತೆಂಟು ವರ್ಷ ಅವನ ಬಾಜೂಕ ನಿಂತೇನಿ. ಅಂವ ಜೀಪಿನ್ಯಾಗ ಕೂತ್ರ ಜೀಪು ಬಲಕ್ಕ ವಾಲತಿತ್ತು."

ಮುಂಜಾನೆಯ ನಮಾಜಿನ ನಂತರ ಮಸೀದಿಯ ಸ್ಪೀಕರಿನಲ್ಲಿ ಸುದ್ದಿ ಹೇಳಿದಾಗ ಕೃಷ್ಣಾಜಿ ಚಹಾದ ಕಪ್ಪನ್ನು ಹಾಗೇ ಇಟ್ಟು ಎದ್ದಿದ್ದ. ಹೆಂಡತಿ ಮುಕ್ತಾಬಾಯಿ ಅವನು ಇಮಾಮುದ್ದೀನನ ಮನೆಗೇ ಹೋದನೆಂದುಕೊಂಡಳು. ಅವನು ಬಂದದ್ದು ಅಂಗಡಿಗೆ. ಶಟರ್ ಎತ್ತಿ, ಯಾವ ಕೆಲಸವೂ ಇಲ್ಲದೆ, ಡೋಲಿ ಬರುವವರೆಗೆ ನಿಂತೇ ಇದ್ದ. ಯಾವ ಮುಖ ಹೊತ್ತು ಆ ಮನೆಯ ಹೊಸ್ತಿಲು ತುಳಿಯುವುದು ಎಂಬುದೊಂದೇ ಅವನ ಚಿಂತೆ. ತಾನು ಕೊನೆಗೆ ಆಡಿದ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅಡ್ಡಪಟ್ಟಿಯನ್ನು ಎಷ್ಟುದ್ದ ಕತ್ತರಿಸಬೇಕೆಂದು ನೋಡಲು ಅಭ್ಯಾಸಬಲದಿಂದ ಅಂಗಿಯ ಕಿಸೆಗೆ ಕೈಹಾಕಿದ. ಕೈಗೆ ಬಂದದ್ದು ಗೇಣುದ್ದದ, ಉಜ್ಜಿ ಉಜ್ಜಿ ನುಣುಪಾದ ಒಂದು ಕಬ್ಬಿಣದ ಪಟ್ಟಿ. ಅದರ ಅಂಚಿನಲ್ಲಿ ಎಂಟು ಕಚ್ಚು. ಕಚ್ಚುಗಳ ಮೇಲೆ ಹೆಬ್ಬೆರಳು ಆಡಿಸಿ, ಅದರಿಂದಲೇ ಅಳೆದ.

*

ಇಮಾಮುದ್ದೀನ ಆಯುಷ್ಯದಲ್ಲಿ ಟೇಪು ಹಿಡಿದವನಲ್ಲ. ಇಬ್ಬರೂ ಸೇರಿ ರಸ್ತೆಯ ಬದಿಗೆ ಗ್ಯಾರೇಜು ಹಾಕಿದ ಹೊಸತರಲ್ಲಿ, ಅವನು ಬಾನೆಟ್ಟಿನೊಳಗೆ ತಲೆ ಹುದುಗಿಸಿ ಅಲ್ಲಿಂದಲೇ ಕೂಗುತ್ತಿದ್ದ: "ಮೂರು ಬಟ್ಟು ಪೈಪ ಕೊಯ್ಯಿ!" ಕೃಷ್ಣಾಜಿ ತನ್ನ ಮೂರು ಬೆರಳು ಜೋಡಿಸಿ ಅಳೆದು ಕೊಯ್ಯುತ್ತಿದ್ದ. ಕೃಷ್ಣಾಜಿಯದು ಬಡಕಲು ಕೈ. ಇಮಾಮುದ್ದೀನನ ಬೆರಳೋ ಒಂದೊಂದೂ ಯಾಲಕ್ಕಿ ಬಾಳೆಹಣ್ಣಿನಷ್ಟು ದಪ್ಪ. ಪೈಪು ಗಿಡ್ಡವಾಗುತ್ತಿತ್ತು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು, ಟ್ರ್ಯಾಕ್ಟರಿನ ಮಾಲಕ ನಡುವೆ ಕೂತು ಚಹಾ ಕುಡಿಯುತ್ತಿದ್ದ.

ಮೂರನೆಯ ಪೈಪು ಹಾಳಾದ ದಿನ ಕೃಷ್ಣಾಜಿ ಒಂದು ಕಬ್ಬಿಣದ ಪಟ್ಟಿ ತಂದ.

"ಕೈ ಇಡಲೇ ಇದರ ಮ್ಯಾಲ."

"ಯಾಕ, ಭವಿಷ್ಯ ಹೇಳ್ತಿ?"

"ಹೇಳ್ತೀನಿ. ಟೇಪು ತರಲಿಲ್ಲಂದ್ರ ನನ್ನ ಕೈಯಾಗ ಸಾಯ್ತಿ ಅಂತ ಬರದೇತಿ."

ಇಮಾಮುದ್ದೀನ ನಗುತ್ತ ನಾಲ್ಕು ಬೆರಳು ಜೋಡಿಸಿ ಪಟ್ಟಿಯ ಮೇಲಿಟ್ಟ. ಕೃಷ್ಣಾಜಿ ಒಂದೊಂದು ಬೆರಳಿಗೆ ಒಂದೊಂದು ಕಚ್ಚಿನಂತೆ ಅರದಿಂದ ಗೀರಿದ. ಆಮೇಲೆ ಆ ಕೈಯನ್ನೇ ಮುಂದಕ್ಕೆ ಸರಿಸಿ ಇನ್ನೂ ನಾಲ್ಕು. ಅಂದಿನಿಂದ ಅಂಗಡಿಯ ಅಳತೆಯೆಂದರೆ ಅದೇ. ಬಾನೆಟ್ಟಿನೊಳಗಿನಿಂದ ಬೆರಳಿನ ಲೆಕ್ಕ ಬರುತ್ತಿತ್ತು, ಪಟ್ಟಿಯ ಅಳತೆಗೆ ಕಬ್ಬಿಣ ಕೊಯ್ಯಿಸಿಕೊಳ್ಳುತ್ತಿತ್ತು, ಕೂತ ಜಾಗದಲ್ಲಿ ಕೂತುಬಿಡುತ್ತಿತ್ತು. ಐದು ತಿಂಗಳ ಹಿಂದಿನವರೆಗೂ ಒಂದು ಸಲವೂ ಆ ಅಳತೆ ಕೈಕೊಟ್ಟಿರಲಿಲ್ಲ. ಅಳ್ನಾವರದಿಂದ ಟ್ರ್ಯಾಕ್ಟರು ತಂದವರು ಕೂಡ ನೋಡಿ ತಲೆದೂಗುತ್ತಿದ್ದರು. ಹಾಗೆ ತಲೆದೂಗಿದವರಿಗೆ ಇಮಾಮುದ್ದೀನ ತನ್ನ ಬೆರಳು ತೋರಿಸಿ ಜಂಬ ಕೊಚ್ಚಿದರೆ, ಕೃಷ್ಣಾಜಿ ಪಟ್ಟಿ ತೋರಿಸಿ ಕೊಚ್ಚುತ್ತಿದ್ದ.

*

ಇಮಾಮುದ್ದೀನನ ಮನೆಯ ಮುಂದೆ ಜನ ಸೇರಿತ್ತು. ಡೋಲಿಯ ಮುಂದಿನ ತುದಿಯನ್ನು ಸಲೀಮ್, ಹಿಂದಿನದನ್ನು ಕೃಷ್ಣಾಜಿ ಹಿಡಿದು ತಂದು ಕಟ್ಟೆಯ ಮೇಲಿಟ್ಟರು. ಅಡ್ಡಪಟ್ಟಿ ಬಿದ್ದ ಡೋಲಿ ಈಗ ಕಬ್ಬು ಹೇರಿದರೂ ಜಗ್ಗದಂತಾಗಿತ್ತು. ಹೊರಲು ಬಂದವರು ಅದನ್ನು ಒಮ್ಮೆ ಎತ್ತಿ ನೋಡಿ ಮುಖ ಮುಖ ನೋಡಿಕೊಂಡರು.

ಮುಕ್ತಾಬಾಯಿ ಆಗಲೇ ಬಂದು ಒಳಗಿದ್ದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವಲ್ಲ. ದೊಡ್ಡ ಬುಟ್ಟಿಯ ತುಂಬ ರೊಟ್ಟಿ, ಪಾತ್ರೆಯ ತುಂಬ ಕಡಲೆಹಿಟ್ಟಿನ ಝುಣಕ ಹೊತ್ತು ತಂದಿದ್ದಳು. ಗಂಡಸರು ಮಾತು ಬಿಟ್ಟ ಐದು ತಿಂಗಳೂ ಅವಳು ಮತ್ತು ಇಮಾಮುದ್ದೀನನ ಹೆಂಡತಿ ಮಾಬುಬಿ ಹಿಟ್ಟಿನ ಗಿರಣಿಯಲ್ಲಿ ವಾರಕ್ಕೆರಡು ಸಲ ಕೂಡುತ್ತಿದ್ದರು. ಬೀಸಬೇಕಾದ ಕಾಳಿಗಿಂತ ಮಾತೇ ಹೆಚ್ಚಿರುತ್ತಿತ್ತು ಎಂದು ಗಿರಣಿಯವನ ದೂರು.

ಕೃಷ್ಣಾಜಿ ಹೊಸ್ತಿಲ ಹೊರಗೇ ನಿಂತ. ಒಳಗಿನಿಂದ ಮಾಬುಬಿಯ ದನಿ ಬಂತು.

"ಯಾಕ ಅಲ್ಲೇ ನಿಂತ್ರಿ ಅಣ್ಣಾರ? ಅವ್ರು ಎದ್ದು ಬಂದು ಕರೀಬೇಕೇನ?"

"ಇಲ್ಲ ಭಾಬಿ… ಬರಾಕ ಮಾರಿ ಇಲ್ಲ ನನಗ."

"ಮಾರಿ ಇಲ್ಲಂದ್ರ ಬ್ಯಾಡ, ಕಾಲ ಅದಾವಲ್ಲ, ಬರ್ರಿ." ಅತ್ತು ಅತ್ತು ಗಂಟಲು ಒಡೆದಿತ್ತು, ಆದರೂ ಆ ಮಾತಿನ ಹದ ತಪ್ಪಿರಲಿಲ್ಲ. "ರಾತ್ರಿ ಉಂಡ್ರು, ಅಗದಿ ಖುಷೀಲೆ ಮಲಗಿದ್ರು. ನಸುಕಿನ್ಯಾಗ ನೀರ ಕೇಳಿದ್ರು. ತಂದು ಕೊಡೂದರಾಗ ಮುಗದ್ಹೋತು. ಯಾರಿಗೂ ತ್ರಾಸ ಕೊಡ್ಲಿಲ್ಲ."

ಮಗಳು ತಬಸುಮ್ ಅವನಿಗೆ ಒಂದು ಸ್ಟೂಲು ತಂದಿಟ್ಟಳು. ಕಲಘಟಗಿಯ ಶಾಲೆಯಲ್ಲಿ ಗಣಿತ ಕಲಿಸುವವಳು, ಮೂವತ್ತರ ಹೆಣ್ಣುಮಗಳು. ಕಣ್ಣು ಕೆಂಪಾಗಿದ್ದವು, ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗೆ ಕೂತಿತ್ತು. ಕೃಷ್ಣಾಜಿ ಅದನ್ನು ನೋಡಿದ.

"ಜೀಪಿನ ಕೆಲಸಾ ಮಾಡ್ತಿದ್ನೇನವಾ?"

"ಮಾಡ್ತಿದ್ರು ಕಾಕಾ. ಶುಕ್ರವಾರ ಮುಗೀತು."

ಮುಗೀತು ಅಂದ ಮೇಲೆ ಇಂಜಿನ್ನಿಗೆ ಹೊಗೆ ಕೊಳವೆಯ ಮ್ಯಾನಿಫೋಲ್ಡು ಒಂದನ್ನು ಬಿಗಿದಿರಬೇಕು, ತಾನು ಮಾಡಿಕೊಟ್ಟದ್ದೋ ಗುಜರಿಯಿಂದ ತಂದದ್ದೋ. ಯಾವುದು ಎಂದು ಕೇಳದೆ ಕೃಷ್ಣಾಜಿ ಸ್ಟೂಲನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂತ. ಅದೊಂದು ಗೊತ್ತಾದರೆ ಇಮಾಮುದ್ದೀನ ತನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದನೋ ಇಲ್ಲವೋ ಗೊತ್ತಾಗುತ್ತಿತ್ತು. ಗೊತ್ತಾಗುವುದೇ ಅವನಿಗೆ ಭಯವಾಗಿತ್ತು.

*

ಆ ಜೀಪು ಅರಣ್ಯ ಇಲಾಖೆಯ ಹರಾಜಿನಲ್ಲಿ ಬಂದದ್ದು. ಅದರ ಹಳೆಯ ಇಂಜಿನ್ನು ಪೆಟ್ರೋಲನ್ನು ಮಜ್ಜಿಗೆಯಂತೆ ಕುಡಿಯುತ್ತಿತ್ತು. ಅದನ್ನು ಇಳಿಸಿ ಒಂದು ಪಿಕಪ್ ಗಾಡಿಯ ಡೀಸೆಲ್ ಇಂಜಿನ್ ಕೂಡಿಸಬೇಕು, ಇಬ್ಬರೂ ಹೆಂಡಂದಿರನ್ನು ಹಿಂದೆ ಕೂರಿಸಿಕೊಂಡು ಕಾಡಿನ ರಸ್ತೆಯಲ್ಲಿ ಅಳ್ನಾವರದವರೆಗೆ ಹೋಗಿ ಊಟ ಮಾಡಿ ಬರಬೇಕು. ಇಷ್ಟೇ ಇಮಾಮುದ್ದೀನನ ಆಸೆ. ಗ್ಯಾರೇಜನ್ನು ಕೃಷ್ಣಾಜಿಗೆ ಬಿಟ್ಟುಕೊಟ್ಟು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅದೊಂದನ್ನೇ ಹಿಡಿದು ಕೂತ. ಮೂರು ವರ್ಷವಾಯಿತು. ಮುಕ್ತಾಬಾಯಿ ಮತ್ತು ಮಾಬುಬಿ ಆ ದಿನಕ್ಕೆಂದು ತೆಗೆದಿಟ್ಟ ಸೀರೆಗಳನ್ನು ಎರಡು ಸಲ ಬೇರೆಯವರ ಮದುವೆಗೆ ಉಟ್ಟು ಮತ್ತೆ ಮಡಚಿಟ್ಟಿದ್ದರು.

ಇಂಜಿನ್ನು ಕೂತಿತು, ಗೇರ್‌ಬಾಕ್ಸು ಕೂತಿತು. ಕೂಡದೆ ಹಟ ಹಿಡಿದದ್ದು ಮ್ಯಾನಿಫೋಲ್ಡು: ಇಂಜಿನ್ನಿನ ನಾಲ್ಕು ಬಾಯಿಗಳ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ಕೊಡುವ ಕೊಳವೆ. ಇಂಜಿನ್ನಿನ ಜೊತೆಗೆ ಬಂದದ್ದು ಆನೆಯ ಸೊಂಡಿಲಿನಂತೆ ಬಲಕ್ಕೆ ಕೆಳಗೆ ಇಳಿಬಿದ್ದಿತ್ತು. ಸರಿಯಾಗಿ ಅದೇ ಜಾಗದಲ್ಲಿ ಸ್ಟೇರಿಂಗಿನ ದಂಡ ಹಾದುಹೋಗುತ್ತಿತ್ತು.

ಇಬ್ಬರೂ ಹುಬ್ಬಳ್ಳಿಗೆ ಹೋಗಿ ಗುಜರಿ ಅಂಗಡಿಗಳಲ್ಲಿ ಇಡೀ ದಿನ ಅಲೆದರು. ಕೊನೆಗೆ ಇಮಾಮುದ್ದೀನನಿಗೆ ಒಂದು ಎರಕದ ತುಂಡು ಸಿಕ್ಕಿತು. ಗಿಡ್ಡ, ಮೋಟು, ಇಂಜಿನ್ನಿಗೆ ಅಂಟಿಕೊಂಡು ಕೂಡುವಂಥದು.

"ಇದ ನೋಡು! ಎಷ್ಟ ಶಾಣ್ಯಾ ಐತಿ. ಮೂಲ್ಯಾಗ ಸುಮ್ನ ಕೂಡತೈತಿ."

ಕೃಷ್ಣಾಜಿ ಅದರ ಬಾಯಿಯೊಳಗೆ ಬೆರಳು ಹಾಕಿ ತಿರುಗಿಸಿದ. "ಹೊರಗ ಶಾಣ್ಯಾ, ಒಳಗ ಸಂತಿ ದಿನದ ಬಸ್ಸು. ನಾಕೂ ಹೊಗಿ ಒಂದ ಸಣ್ಣ ಬಾಗಲದಾಗ ನುಗ್ಗಬೇಕು. ಇಂಜಿನ್ನಿಗೆ ಉಸರ ಕಟ್ಟತೈತಿ. ಅಳ್ನಾವರ ದಿಬ್ಬ ಏರಾಕ ಆಗಂಗಿಲ್ಲ, ಹೆಂಗಸರನ ಇಳಿಸಿ ನೂಕಸಬೇಕಾಗತೈತಿ."

"ಮತ್ತ ಏನ್ ಮಾಡೂಣು?"

"ನಾ ಮಾಡ್ತೀನಿ. ಪೈಪ ಬಾಗಿಸಿ, ಒಂದೊಂದು ಬಾಯಿಗೆ ಒಂದೊಂದು ದಾರಿ. ಸಣ್ಣದೂ ಇರತೈತಿ, ಉಸರೂ ಆಡತೈತಿ. ಇಂಜಿನ್ನಿಗೂ ದಂಡಕ್ಕೂ ನಡುವ ಜಾಗಾ ಎಷ್ಟ ಐತಿ ಹೇಳು ಸಾಕು."

ಆದರೂ ಇಮಾಮುದ್ದೀನ ಮೋಟು ತುಂಡನ್ನು ಬಿಡಲಿಲ್ಲ, ಕೊಂಡೇ ತಂದ. ಊರಿಗೆ ಬಂದವನೇ ಬಾನೆಟ್ಟಿನೊಳಗೆ ತಲೆ ಹಾಕಿ, ಬೆರಳು ಜೋಡಿಸಿ, ಕೂಗಿ ಹೇಳಿದ: "ನಾಕ ಬಟ್ಟು!"

ಕೃಷ್ಣಾಜಿ ಇಪ್ಪತ್ತೊಂದು ದಿನ ಕೂತ. ಮರಳು ತುಂಬಿ, ಕಾಯಿಸಿ, ಒಂದೊಂದು ಪೈಪನ್ನು ಬಾಗಿಸಿದ. ನಾಲ್ಕು ಕೊಳವೆಗಳು ಒಂದರ ಮೇಲೊಂದು ಒರಗಿ ಕೊನೆಗೆ ಒಂದಾಗುತ್ತಿದ್ದವು. ಜೀವಮಾನದಲ್ಲಿ ಇಷ್ಟು ಚಂದದ್ದೇನನ್ನೂ ಅವನು ಮಾಡಿರಲಿಲ್ಲ. ಮುಕ್ತಾಬಾಯಿ ಅದನ್ನು ನೋಡಿ, ನನ್ನ ಮೈಮೇಲೆ ಒಂದು ಗುಂಜಿ ಬಂಗಾರವನ್ನೂ ಇಷ್ಟು ಜತನದಿಂದ ಮಾಡಿಸಲಿಲ್ಲ ಅಂದಿದ್ದಳು.

ಬಿಗಿಯಲು ಹೋದರೆ ಅದು ಸ್ಟೇರಿಂಗಿನ ದಂಡಕ್ಕೆ ತಗುಲಿತು. ಅರ್ಧ ಬೆರಳಿನಷ್ಟು.

"ಅಳತಿ ತಪ್ಪೇತಿ," ಅಂದ ಇಮಾಮುದ್ದೀನ.

"ಪಟ್ಟಿ ತಪ್ಪಂಗಿಲ್ಲ. ನೀ ಹೇಳಿದ್ದು ತಪ್ಪೇತಿ."

"ನನ್ನ ಬೆರಳ ನನಗ ಗೊತ್ತಿಲ್ಲೇನಲೇ? ಅದರಾಗೇನೈತಿ, ನಡಕ ಕೊಯ್ದು ಅರ್ಧ ಬಟ್ಟು ಒಳಗ ಸೇರಿಸಿ ಬೆಸಿ, ಮುಗೀತು."

"ಕೊಯ್ಯೂದ? ಇದನ್ನ? ಕೈ ಹಚ್ಚಿ ನೋಡು ಒಂದು ಸಲ!"

ಮಾತಿಗೆ ಮಾತು ಬೆಳೆಯಿತು. ಹಾಗಾದರೆ ನನ್ನ ಮೋಟು ತುಂಡನ್ನೇ ಹಾಕುತ್ತೇನೆ ಎಂದು ಇಮಾಮುದ್ದೀನ ಅಂದ. ಆಗ ಕೃಷ್ಣಾಜಿ ಆ ಮಾತು ಆಡಿದ.

"ಹಾಕ್ಕೋ! ನಿನ್ನ ಕೈಯಾಗ ಕಸುವಿಲ್ಲ, ಕಣ್ಣಾಗ ಅಳತಿ ಇಲ್ಲ. ನಿನ್ನ ಕಾಲ ಮುಗೀತು. ನನ್ನ ಮೇನಿಫೋಲ್ಡ ಬರೋಬರಿ ಐತಿ. ತಗಲತೈತಿ ಅಂದ್ರ ನಿನ್ನ ಸ್ಟೇರಿಂಗ ಕಿತ್ತಿ ಆ ಕಡೆ ಹಾಕ್ಕೋ!"

ಮ್ಯಾನಿಫೋಲ್ಡನ್ನು ಅಲ್ಲೇ ಇಟ್ಟು ಬಂದುಬಿಟ್ಟ. ಇಮಾಮುದ್ದೀನ ತನ್ನ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ.

*

"ನೀರ ಹಾಕೂದಕ್ಕಿಂತ ಮೊದಲ ನೋಡಾವ್ರು ನೋಡಿಬಿಡ್ರಿ," ಎಂದು ಸಲೀಮ್ ಹೇಳಿದ. ಕೃಷ್ಣಾಜಿ ಎದ್ದು ಒಳಗೆ ಹೋದ.

ಇಮಾಮುದ್ದೀನ ಮಂಚದ ಮೇಲೆ ಹಸಿರು ಚಾದರ ಹೊದ್ದು ಮಲಗಿದ್ದ. ಮುಖದ ಮೇಲೆ ಸಿಟ್ಟೇನೂ ಇರಲಿಲ್ಲ. ಯಾರಿಗೋ ಚೇಷ್ಟೆ ಮಾಡಲು ಹೊರಟವನಂತೆ ತುಟಿಯ ಒಂದು ತುದಿ ಮೇಲಕ್ಕಿತ್ತು. ಒಂದು ಕೈ ಚಾದರದ ಹೊರಗೆ ಬಂದಿತ್ತು. ಅದನ್ನು ಒಳಗೆ ಸೇರಿಸೋಣವೆಂದು ಕೃಷ್ಣಾಜಿ ಹಿಡಿದುಕೊಂಡ.

ಹಿಡಿದವನು ಬೆಚ್ಚಿದ. ಇದು ಯಾರ ಕೈ? ಮುಷ್ಟಿ ತುಂಬಬೇಕಾಗಿದ್ದ ಕೈ ಅವನ ಬಡಕಲು ಬೆರಳುಗಳ ನಡುವೆ ಸಡಿಲವಾಗಿ ಕೂತಿತ್ತು. ಬೆರಳುಗಳು ಸಪೂರ, ಗಂಟುಗಳಷ್ಟೇ ದಪ್ಪ.

"ಭಾಬಿ, ಇದೇನಿದು?"

"ಸಕ್ಕರಿ ರೋಗ ಅಣ್ಣಾರ. ಎರಡು ವರ್ಷದಿಂದ ಕರಗಿಕೋತ ಬಂದ್ರು. ಹ್ವಾದ ವರ್ಷ ಉಂಗರಾ ಜಾರಿ ಎಣ್ಣಿ ಡಬ್ಬಿಯಾಗ ಬಿತ್ತು. ನೀವ ಹುಡಕಿ ಕೊಟ್ರೆಲ್ಲ?"

ಹೌದು, ಅವನೇ ಹುಡುಕಿಕೊಟ್ಟಿದ್ದ. ಎಣ್ಣೆ ಕೈ, ಜಾರಿತು ಎಂದುಕೊಂಡಿದ್ದ. ದಿನಾ ಬಾಜೂಕ ನಿಂತವನಿಗೆ ಇದು ಕಂಡಿರಲೇ ಇಲ್ಲ. ತೊಂಬತ್ತು ಕಿಲೋದ ಆ ಹಳೆಯ ಇಮಾಮುದ್ದೀನನನ್ನೇ ಅವನು ನೋಡುತ್ತ ಬಂದಿದ್ದ, ಇವತ್ತು ಮುಂಜಾನೆ ಅಡ್ಡಪಟ್ಟಿ ಬೆಸೆಯುವವರೆಗೂ.

ಕೃಷ್ಣಾಜಿ ಕಿಸೆಯಿಂದ ಕಚ್ಚಿನ ಪಟ್ಟಿ ತೆಗೆದ. ಜನ ನೋಡುತ್ತಿದ್ದರೂ ಲೆಕ್ಕಿಸದೆ, ಗೆಳೆಯನ ನಾಲ್ಕು ಬೆರಳುಗಳನ್ನು ಜೋಡಿಸಿ, ಮೂವತ್ತೆಂಟು ವರ್ಷದ ಹಿಂದೆ ಇಟ್ಟಂತೆಯೇ ಅದರ ಮೇಲಿಟ್ಟ. ಬೆರಳು ಮುಗಿದವು, ನಾಲ್ಕನೆಯ ಕಚ್ಚು ಇನ್ನೂ ಮುಂದಿತ್ತು. ಅರ್ಧ ಬೆರಳಿನಷ್ಟು ಮುಂದಿತ್ತು.

ಇಮಾಮುದ್ದೀನ ಸರಿಯಾಗಿಯೇ ಅಳೆದಿದ್ದ. ಕೃಷ್ಣಾಜಿ ಸರಿಯಾಗಿಯೇ ಮಾಡಿದ್ದ. ನಡುವೆ ಕೈ ಕರಗಿತ್ತು, ಅಷ್ಟೇ.

"ಲೇ ಇಮಾಮ್ಯಾ, ಬೆರಳು ಸಣ್ಣ ಆಗ್ಯಾವು ಅಂತ ಒಂದ ಮಾತು ಹೇಳಬಾರದೇನಲೇ," ಎಂದು ಕೃಷ್ಣಾಜಿ ಆ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತ. ಹೊಗೆ ಎಂದು ಹೇಳುವಂತಿರಲಿಲ್ಲ. ಕಾಲ ಮುಗೀತು ಅಂದಿದ್ದೆನಲ್ಲ, ಈ ಕೈಗೇ ಆ ಮಾತು ಅಂದೆನಲ್ಲ ಎಂದು ಅತ್ತ. ಮುಕ್ತಾಬಾಯಿ ಬಂದು ಅವನ ಭುಜ ಹಿಡಿದು ಹೊರಗೆ ಕರೆತಂದಳು.

*

ಸ್ನಾನವಾಯಿತು, ಬಿಳಿಬಟ್ಟೆಯಾಯಿತು, ಮಸೀದಿಯ ಅಂಗಳದಲ್ಲಿ ನಮಾಜೂ ಮುಗಿಯಿತು. ಕಬರಸ್ತಾನ ಕಲಘಟಗಿ ರಸ್ತೆಯಲ್ಲಿ ಎರಡು ಮೈಲಿ ದೂರ. ಅಡ್ಡಪಟ್ಟಿಯ ಡೋಲಿಯನ್ನು ಮನೆಯಿಂದ ಮಸೀದಿಯವರೆಗೆ ಹೊತ್ತವರು ಆಗಲೇ ಭುಜ ತಿಕ್ಕಿಕೊಳ್ಳುತ್ತಿದ್ದರು.

"ಒಳಗಿನಾವ್ರು ಹಗೂರ ಅದಾರ, ಡೋಲಿನ ಮಣಭಾರ," ಎಂದು ಒಬ್ಬ ಅಂದ. ಸಲೀಮ್ ಕೃಷ್ಣಾಜಿಯ ಕಡೆ ನೋಡಿದ. ಕೃಷ್ಣಾಜಿ ಮೋಡ ನೋಡಿದ.

"ಗೂಡ್ಸ್ ಟೆಂಪೋ ಹೇಳೇನಿ, ಬರಾಕತ್ತೇತಿ," ಅಂದ ಸಲೀಮ್.

"ಟೆಂಪೋ ಬ್ಯಾಡ ಭೈಯಾ," ಅಂದಳು ತಬಸುಮ್. ಮಸೀದಿಯ ಗೇಟಿನ ಹೊರಗೆ, ತಲೆಯ ಮೇಲೆ ದುಪಟ್ಟಾ ಹೊದ್ದು, ಕೈಯಲ್ಲಿ ಕೀಲಿ ಹಿಡಿದು ನಿಂತಿದ್ದಳು. "ಅಬ್ಬಾನ ಜೀಪು ಐತಿ. ಅದರಾಗ ಹೋಗಲಿ ಅಂತ ಅಮ್ಮೀ ಹೇಳ್ಯಾಳ."

"ಅದು ಮೂರ ವರ್ಷದಿಂದ ತಾಡಪತ್ರಿ ಕೆಳಗ ಐತಿ! ನಡು ರಸ್ತೇದಾಗ ನಿಂತ್ರ?"

"ನಿಲ್ಲಂಗಿಲ್ಲ. ಕೃಷ್ಣಾಜಿ ಕಾಕಾ ಹೊಡೀತಾರ."

ಕೃಷ್ಣಾಜಿ ಗಾಬರಿಯಾದ. ಗಾಡಿ ಹೊಡೆಯಲು ಬಾರದೆಂದಲ್ಲ. ಮೂವತ್ತೆಂಟು ವರ್ಷದಲ್ಲಿ ಇಮಾಮುದ್ದೀನ ಯಾವ ಗಾಡಿಯ ಸ್ಟೇರಿಂಗನ್ನೂ ಅವನಿಗೆ ಮುಟ್ಟಗೊಟ್ಟಿರಲಿಲ್ಲ. ರಿಪೇರಿಯಾದ ಗಾಡಿ ನೋಡಲು ಹೋದಾಗಲೆಲ್ಲ ಇಮಾಮುದ್ದೀನ ಬಲಕ್ಕೆ, ಕೃಷ್ಣಾಜಿ ಎಡಕ್ಕೆ. ಎಡಕ್ಕೆ ಕೂತು ಶಬ್ದ ಕೇಳಿ, ಎಲ್ಲಿ ಏನು ಸಡಿಲಾಗಿದೆ ಹೇಳುವುದು ಅವನ ಕೆಲಸ.

ಮಸೀದಿಯ ಹಿಂದಿನ ಓಣಿಯಿಂದ ಮನೆಯ ಶೆಡ್ಡಿಗೆ ನಾಲ್ಕು ಹೆಜ್ಜೆ. ಒಳಗೆ ಅರೆಗತ್ತಲು. ಜೀಪಿನ ಮೇಲೆ ತಾಡಪತ್ರಿ ಹೊದಿಸಿತ್ತು. ಮುಕ್ತಾಬಾಯಿಯೂ ಬಂದು ಬಾಗಿಲಿಗೆ ಒರಗಿ ನಿಂತಳು. ತಬಸುಮ್ ಬಾನೆಟ್ಟಿಗೆ ಕೈಹಾಕಿದೊಡನೆ ಕೃಷ್ಣಾಜಿ ತಡೆದ.

"ತಗೀಬ್ಯಾಡವಾ. ಮೊದಲ ಶುರು ಮಾಡೂಣು. ಯಾವ ಮೇನಿಫೋಲ್ಡ ಹಾಕ್ಯಾನ ಅಂತ ಶಬ್ದ ಕೇಳಿದ್ರ ನನಗ ತಿಳೀತೈತಿ. ಮೋಟು ಇದ್ರ ಕೆಮ್ಮತೈತಿ." ಅವಳ ಕೈಯಿಂದ ಕೀಲಿ ಇಸಿದುಕೊಂಡ. "ಮೋಟು ಇದ್ರೂ ನಡೀತೈತಿ ಬಿಡು. ನಾ ಆಡಿದ ಮಾತಿಗೆ ಅದ ಬರೋಬರಿ."

ತಾಡಪತ್ರಿಯ ಬಲಗಡೆಯ ಅಂಚನ್ನಷ್ಟೇ ಎತ್ತಿ ಒಳಗೆ ನುಸುಳಿ ಕೂತ. ಎರಡೂ ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದ, ಬರೀ ತಗಡು. ಕಾಲಿನಿಂದ ಕ್ಲಚ್ಚು ಹುಡುಕಿದ, ಅದೂ ಇಲ್ಲ.

"ತಬಸುಮ್! ಸ್ಟೇರಿಂಗ ಎಲ್ಲೈತಿ? ಯಾರೋ ಬಿಚ್ಕೊಂಡು ಹೋಗ್ಯಾರ!"

ಹೊರಗೆ ಮುಕ್ತಾಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ತಬಸುಮ್‌ಗೆ ಅಳುವೋ ನಗುವೋ, ಎರಡೂ ಒಟ್ಟಿಗೆ ಒತ್ತರಿಸಿ ಬಂದಿತ್ತು.

"ಕಾಕಾ, ನೀವ ಯಾವಾಗ್ಲೂ ಎಲ್ಲೆ ಕೂಡತಿದ್ರಿ?"

ಅಷ್ಟು ಹೇಳಿ ಅವಳು ತಾಡಪತ್ರಿಯನ್ನು ಪೂರ್ತಿ ಎಳೆದು ಹಾಕಿದಳು.

ಸ್ಟೇರಿಂಗು ಎಡಗಡೆ ಇತ್ತು. ಕ್ಲಚ್ಚು, ಬ್ರೇಕು, ಎಲ್ಲವೂ ಎಡಗಡೆ ಹೋಗಿ ಕೂತಿದ್ದವು, ಹುಟ್ಟಿದಾಗಿನಿಂದ ಅಲ್ಲೇ ಇದ್ದೆವು ಎಂಬಂತೆ.

"ಮಿಲಿಟರಿ ಹರಾಜಿನ ಒಂದು ಹಳೆ ಜೀಪಿನ ಸಾಮಾನು ಕಾಕಾ, ಹುಬ್ಬಳ್ಳಿ ಗುಜರ್ಯಾಗ ಸಿಕ್ತು," ಎಂದು ತಬಸುಮ್ ಕಣ್ಣೊರೆಸಿಕೊಳ್ಳುತ್ತ ಹೇಳತೊಡಗಿದಳು. "ಐದು ತಿಂಗಳು ಇದ ಕೆಲಸ. ಸಾಲಿಯಿಂದ ಬಂದ ಕೂಡ್ಲೆ ನನಗೂ ಪಾನಾ ಹಿಡಸ್ತಿದ್ರು. ನಾ ಹೇಳಿದೆ, ಅಬ್ಬಾ, ಅರ್ಧ ಬಟ್ಟು ಕೊಯ್ದು ಬೆಸದ್ರ ಒಂದ ದಿನದ ಕೆಲಸ, ಇದೇನ್ ಹುಚ್ಚು? ಅದಕ್ಕ ಅವ್ರು, ಕೃಷ್ಣ್ಯಾನ ಬೆಸಿಗಿ ಕೊಯ್ಯಾಕ ನನಗ ಕೈ ಬರಂಗಿಲ್ಲ, ಜೀಪು ಏನ್ ಬಿಡು, ಬರೇ ಕಬ್ಬಿಣ ಅಂದ್ರು. ಈ ಐತವಾರ ನಿಮ್ಮ ಅಂಗಡಿ ಮುಂದ ತಂದು ನಿಲ್ಲಸಾವ್ರಿದ್ರು. ಏನೂ ಮಾತಾಡಂಗಿಲ್ಲ, ಸುಮ್ನ ಹಾರ್ನ್ ಹೊಡೀತೀನಿ, ಅವನ ಮಾರಿ ನೋಡು ನೀ ಅಂತಿದ್ರು. ನಮಗೆಲ್ಲಾ ಬಾಯಿ ಬಿಡಬಾರದು ಅಂತ ಆಣಿ ಹಾಕಿಸಿದ್ರು."

"ನಮಗೆಲ್ಲಾ ಅಂದ್ರ?" ಕೃಷ್ಣಾಜಿ ಹೆಂಡತಿಯ ಕಡೆ ತಿರುಗಿದ. "ನಿನಗೂ ಗೊತ್ತಿತ್ತ?"

"ಗಿರಣ್ಯಾಗ ಎಲ್ಲಾ ಗೊತ್ತಾಗತೈತಿ," ಅಂದಳು ಮುಕ್ತಾಬಾಯಿ. "ಐದು ತಿಂಗಳು ಹೊಟ್ಟ್ಯಾಗ ಇಟ್ಕೊಂಡು ಸಾಕಾಗಿತ್ತು ನೋಡ್ರಿ ನನಗ."

ಕೃಷ್ಣಾಜಿ ಬಾನೆಟ್ ಎತ್ತಿದ. ನಾಲ್ಕು ಕೊಳವೆಗಳೂ ಬೆಳ್ಳಿ ಬಣ್ಣ ಹಚ್ಚಿಸಿಕೊಂಡು ಒಂದರ ಮೇಲೊಂದು ಒರಗಿ ಕೂತಿದ್ದವು. ಒಂದು ಗೀರೂ ಬಿದ್ದಿರಲಿಲ್ಲ. ದಂಡ ಇರಬೇಕಾಗಿದ್ದ ಜಾಗದಲ್ಲಿ ಈಗ ಕೈ ಆಡಿಸುವಷ್ಟು ಬಯಲು. ಗಿಡ್ಡ ಮೋಟು ತುಂಡು ಶೆಡ್ಡಿನ ಬಾಗಿಲು ಗಾಳಿಗೆ ಹೊಡೆಯದಂತೆ ಒತ್ತಿಗೆ ನಿಂತಿತ್ತು.

ಅವನಿಗೆ ನಗು ಬಂತು. ಮೊದಲು ಹೊಟ್ಟೆಯೊಳಗೆ, ಆಮೇಲೆ ಭುಜಕ್ಕೆ, ಆಮೇಲೆ ತಡೆಯಲಾರದೆ ಬಾಯಿಗೆ. "ಹಾಕ್ಕೋ ಅಂದ್ರ ಹಾಕ್ಕೊಂಡ ಬಿಟ್ಟಾನಲ್ಲಲೇ!" ಎಂದು ಜೀಪಿನ ಮಡ್‌ಗಾರ್ಡಿಗೆ ಗುದ್ದಿ ಗುದ್ದಿ ನಕ್ಕ. ಎಷ್ಟು ಹೊತ್ತಾಯಿತೆಂದು ನೋಡಲು ಬಂದ ಸಲೀಮ್ ಬಾಗಿಲಲ್ಲೇ ನಿಂತುಬಿಟ್ಟ. ಮಣ್ಣಿಗೆ ಹೊತ್ತಾಗಿದೆ, ಇಲ್ಲಿ ಮೂವರೂ ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಾರೆ!

"ಕಾಕಾ, ಎಡಗಡೆ ಸ್ಟೇರಿಂಗ! ಪೊಲೀಸ್ರು ಹಿಡದ್ರ?"

"ಅದನ್ನ ನಾಳೆ ನೋಡೂಣು. ಹಿಂದ ಡೋಲಿ ಏರಸ್ರಿ ಮೊದಲ."

ಕೀಲಿ ತಿರುಗಿಸಿದೊಡನೆ ಇಂಜಿನ್ನು ಎದ್ದಿತು. ಕೆಮ್ಮಲಿಲ್ಲ. ತಲೆ ವಾರೆ ಮಾಡಿ ಕೃಷ್ಣಾಜಿ ಕಿವಿಗೊಟ್ಟ: ನಾಲ್ಕೂ ಬಾಯಿಗಳ ಉಸಿರು ಒಂದಕ್ಕೊಂದು ಅಡ್ಡ ಬಾರದೆ ಸರಾಗ ಹೋಗುತ್ತಿತ್ತು. ಎಲ್ಲೂ ಏನೂ ಸಡಿಲಾಗಿರಲಿಲ್ಲ. ಅಳ್ನಾವರದ ದಿಬ್ಬವನ್ನು ಹೆಂಗಸರನ್ನು ಇಳಿಸದೆ ಏರುವಂಥ ಶಬ್ದ ಅದು. ಹಿತ್ತಿಲ ಹೊಸ್ತಿಲಲ್ಲಿ ನಿಂತ ಮಾಬುಬಿಗೂ ಅದು ಕೇಳಿಸಿತು. ಸೆರಗನ್ನು ಕಣ್ಣಿಗೆ ಒತ್ತಿಕೊಂಡು, "ಸೀರಿ ಮಡಚಿ ಇಟ್ಟೇನಿ ಅಣ್ಣಾರ, ನಾ ಮನ್ಯಾಗ ಕೂಡೂ ಇದ್ದತ್ತಿನ ದಿನಾ ಮುಗದ ಮ್ಯಾಲ ನೀವ ಕರಕೊಂಡು ಹೋಗಬೇಕು," ಅಂದಳು.

ಮಸೀದಿಯ ಗೇಟಿನಲ್ಲಿ ಡೋಲಿಯನ್ನು ಹಿಂದೆ ಇಟ್ಟು, ಇಬ್ಬರು ಪಕ್ಕದಲ್ಲಿ ಹಿಡಿದು ನಿಂತರು. ಉಳಿದವರು ಹಿಂದೆ ನಡೆಯಲು ಅಣಿಯಾದರು. ಸಲೀಮ್ ಬಲಗಡೆಯಿಂದ ಏರಲು ಬಂದ.

"ಅಲ್ಲೆ ಬ್ಯಾಡ. ಹಿಂದ ಕೂಡು," ಅಂದ ಕೃಷ್ಣಾಜಿ.

"ಖಾಲಿ ಐತೆಲ್ರಿ ಕಾಕಾ?"

"ಅದು ಡ್ರೈವರನ ಜಾಗಾ."

ಸಲೀಮ್ ಹಿಂದಕ್ಕೆ ಹೋಗಿ ಡೋಲಿಯ ಬಳಿ ಕೂತ. ಜೀಪು ಮೆಲ್ಲಗೆ ಕಲಘಟಗಿ ರಸ್ತೆಗೆ ಇಳಿಯಿತು. ಕೃಷ್ಣಾಜಿ ಮೂವತ್ತೆಂಟು ವರ್ಷ ಕೂತ ಕಡೆಯಲ್ಲೇ ಕೂತಿದ್ದ, ಸ್ಟೇರಿಂಗು ಅವನಿದ್ದಲ್ಲಿಗೆ ಬಂದಿತ್ತು. ಸಾಲು ಹುಣಸೆಮರಗಳ ತಿರುವಿನಲ್ಲಿ ಎದುರಿನಿಂದ ಹುಬ್ಬಳ್ಳಿಯ ಬಸ್ಸು ಬಂತು. ದಾರಿ ಬಿಡಲು ಬಸ್ಸನ್ನು ಬದಿಗೆ ತೆಗೆದುಕೊಂಡ ಡ್ರೈವರು, ಜೀಪು ಪಕ್ಕಕ್ಕೆ ಬಂದಾಗ ರೂಢಿಯಂತೆ ಕಿಟಕಿಯಿಂದ ಕೈ ಎತ್ತಿ ಬಲಗಡೆಯ ಸೀಟಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಜೀಪು ಅದರ ಪಾಡಿಗೆ ಅದು ಸರಾಗ ಹೋಗುತ್ತಿತ್ತು.